ಮುಖಗಳು ಬದಲಾಗಿದ್ದು ಮೊದಲು, ಮನಸ್ಸು ಆಮೇಲೆ

ಖಿನ್ನತೆಗೆ ಕೆಟಮಿನ್ ಎಂಬ ಔಷಧಿ ತೆಗೆದುಕೊಂಡೆ ಅಂದರೆ ಸಾಕು, ಜನ ಕೇಳುವ ಪ್ರಶ್ನೆ ಒಂದೇ: "ಆಗ ಏನನ್ನಿಸಿತು?" ಡ್ರಿಪ್ ಹೋಗುತ್ತಿದ್ದ ಆ 40 ನಿಮಿಷದ ಬಗ್ಗೆ ಎಲ್ಲರಿಗೂ ಕುತೂಹಲ. ಬಣ್ಣ ಕಾಣಿಸಿತಾ, ದೇಹದಿಂದ ಹೊರಗೆ ಹೋದ ಹಾಗಾಯಿತಾ, ಹೆದರಿಕೆ ಆಯಿತಾ. ನನಗೆ ಹೇಳಬೇಕಿರುವುದು ಮರುದಿನದ ಬಗ್ಗೆ, ಅದರ ಮುಂದಿನ ವಾರದ ಬಗ್ಗೆ. ಅದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಖಿನ್ನತೆ ಹಳೆಯದು. ಮಾತ್ರೆಗಳು ಪೂರ್ತಿ ಕೈಕೊಟ್ಟವು ಅಂತ ಹೇಳಲಾರೆ. ಮೊದಲನೆಯದು ಒಂದು ಹಂತದವರೆಗೆ ಎತ್ತಿತು, ಅಲ್ಲೇ ನಿಂತಿತು. ಎರಡನೆಯದು ನಿದ್ದೆ ಸರಿಮಾಡಿತು, ಅಷ್ಟೆ. ಎರಡು ಬೇರೆ ಬೇರೆ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡರೂ ಗುಣ ಕಾಣದಿದ್ದರೆ ಡಾಕ್ಟರುಗಳು ಬೇರೆ ದಾರಿ ಯೋಚಿಸುತ್ತಾರೆ. ನನ್ನ ಡಾಕ್ಟರು ಕೆಟಮಿನ್ ಹೆಸರೆತ್ತಿದ್ದು ಆಗ.

ನನಗೆ ಗೊತ್ತಿದ್ದ ಮಟ್ಟಿಗೆ ಅದು ಆಪರೇಷನ್ ಥಿಯೇಟರಿನ ಔಷಧಿ. ಅದು ನಿಜವೇ. 1962ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಅದನ್ನು ತಯಾರಿಸಿದರು. 1970ರಲ್ಲಿ ಅಲ್ಲಿ ಅರಿವಳಿಕೆಗೆ ಬಳಸಲು ಒಪ್ಪಿಗೆ ಸಿಕ್ಕಿತು. ಖಿನ್ನತೆಯ ಕಡೆಗೆ ಅದು ತಿರುಗಿದ್ದು ಎಷ್ಟೋ ವರ್ಷದ ಮೇಲೆ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದವರು ಬೆರಳೆಣಿಕೆಯ ರೋಗಿಗಳಿಗೆ ಕೊಟ್ಟು ನೋಡಿದರು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ಮತ್ತು ಜೊತೆಗಾರರು 18 ಜನರ ಮೇಲೆ ಪ್ರಯೋಗ ಮಾಡಿದರು. ಬೇರೆ ಔಷಧಿಗಳಿಗೆ ಬಗ್ಗದಿದ್ದ ಖಿನ್ನತೆ ಅವರದ್ದು. ಎರಡು ಗಂಟೆಯೊಳಗೆ ವ್ಯತ್ಯಾಸ ಕಾಣಿಸಿಕೊಂಡಿತು. ಮಾತ್ರೆ ನುಂಗಿ ನಾಲ್ಕಾರು ವಾರ ಕಾಯಿರಿ ಎಂದೇ ಹೇಳಿ ರೂಢಿಯಾಗಿದ್ದ ಡಾಕ್ಟರುಗಳಿಗೆ ಇದು ದೊಡ್ಡ ಸುದ್ದಿ.

"ಎರಡು ಗಂಟೇಲಿ ಸರಿಹೋಗುತ್ತಾ?" ಅಂತ ಕೇಳಿದೆ.

"ಸರಿಹೋಗುತ್ತೆ ಅಂತ ನಾನು ಹೇಳಲ್ಲ," ಎಂದರು ಡಾಕ್ಟರು. "ಕೆಲವರಿಗೆ ಏನೂ ಆಗಲ್ಲ. ಆದವರಿಗೂ ಒಂದು ಡ್ರಿಪ್ಪಿನದ್ದು ಕೆಲವು ದಿನ, ಹೆಚ್ಚೆಂದರೆ ಒಂದು ವಾರ ಇರುತ್ತೆ. ಆಮೇಲೆ ಇಳಿಯುತ್ತೆ. ಅದು ಗೊತ್ತಿಟ್ಟುಕೊಂಡೇ ಶುರು ಮಾಡೋಣ."

ಈ ಮಾತು ನನಗೆ ಹಿಡಿಸಿತು. ಜಾಸ್ತಿ ಆಸೆ ತೋರಿಸುವ ಡಾಕ್ಟರುಗಳನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ.

ತಯಾರಿ ದೊಡ್ಡದೇನಿರಲಿಲ್ಲ. ಬಿಪಿ, ಇಸಿಜಿ, ರಕ್ತ, ಮೂತ್ರ. ಹಿಂದೆ ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳಿಸುವ ಸ್ಥಿತಿ) ಆಗಿತ್ತಾ, ಚಟಗಳಿವೆಯಾ ಎಂದು ವಿವರವಾಗಿ ಕೇಳಿದರು. ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಇದನ್ನು ಕೊಡುವುದಿಲ್ಲ, ಏಕೆಂದರೆ ಡ್ರಿಪ್ ಹೋಗುವಾಗ ಬಿಪಿ ಏರುತ್ತದೆ. ಕೊಟ್ಟ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಬರಬೇಕು. ಅಕ್ಕ ಬರುತ್ತೇನೆ ಅಂದಳು.

ಆಸ್ಪತ್ರೆಯ ಆ ವಿಭಾಗದಲ್ಲಿ ಔಷಧಿ ಕೊಡುವುದರ ಜೊತೆ ಒಂದು ಅಧ್ಯಯನವೂ ನಡೆಯುತ್ತಿತ್ತು. ಡ್ರಿಪ್ಪಿಗೆ ಮುಂಚೆ ಮತ್ತು ಮರುದಿನ ಕಂಪ್ಯೂಟರಿನ ಮುಂದೆ ಕೂತು ಕೆಲವು ಪರೀಕ್ಷೆ ಮಾಡಬೇಕು. ಒಪ್ಪಿದರೆ ಮಾತ್ರ. ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ವಿಜ್ಞಾನದ ಮೇಲಿನ ಪ್ರೀತಿಯಿಂದ ಅಲ್ಲ, ಬೇಡ ಅನ್ನುವಷ್ಟು ಶಕ್ತಿಯೂ ಆಗ ಇರಲಿಲ್ಲ. ಈಗ ನೋಡಿದರೆ ಇಡೀ ಚಿಕಿತ್ಸೆಯಲ್ಲಿ ನನ್ನ ಬಗ್ಗೆ ನನಗೆ ಜಾಸ್ತಿ ಹೇಳಿಕೊಟ್ಟಿದ್ದು ಆ ಪರೀಕ್ಷೆಗಳೇ.

ಮೊದಲನೆಯದು ಮುಖಗಳದ್ದು. ಪರದೆಯ ಮೇಲೆ ಒಂದು ಮುಖ ಅರ್ಧ ಸೆಕೆಂಡ್ ಬಂದು ಹೋಗುತ್ತದೆ. ಅದು ಖುಷಿಯಾ, ದುಃಖವಾ, ಭಯವಾ, ಕೋಪವಾ, ಅಸಹ್ಯವಾ, ಆಶ್ಚರ್ಯವಾ, ಅಥವಾ ಏನೂ ಇಲ್ಲದ ಮುಖವಾ ಅಂತ ಬಟನ್ ಒತ್ತಬೇಕು. ಪೂರ್ತಿ ನಗುವ ಮುಖ ಯಾರಿಗಾದರೂ ಗೊತ್ತಾಗುತ್ತದೆ. ಇಲ್ಲಿ ಹಾಗಿಲ್ಲ. ಖಾಲಿ ಮುಖಕ್ಕೆ ನೂರರಲ್ಲಿ ಹತ್ತು ಪಾಲು ನಗು ಬೆರೆಸಿ ಒಂದು, ಇಪ್ಪತ್ತು ಪಾಲು ಬೆರೆಸಿ ಇನ್ನೊಂದು, ಹೀಗೆ ತಯಾರಿಸಿರುತ್ತಾರೆ. ಎಷ್ಟು ನಗು ಇದ್ದಾಗ ನಿಮ್ಮ ಕಣ್ಣಿಗೆ ನಗು ಕಾಣುತ್ತದೆ, ಎಷ್ಟು ಕೋಪ ಇದ್ದಾಗ ಕೋಪ ಕಾಣುತ್ತದೆ ಎಂಬುದು ಲೆಕ್ಕ.

ನಾನು ಒತ್ತಿದ್ದರಲ್ಲಿ ಕೋಪ ಮತ್ತು ದುಃಖವೇ ಜಾಸ್ತಿ. ಆ ಹುಡುಗಿ, ಪರೀಕ್ಷೆ ಮಾಡಿಸುತ್ತಿದ್ದವಳು, "ಇದರಲ್ಲಿ ಪಾಸು ಫೇಲು ಏನಿಲ್ಲ, ಆರಾಮಾಗಿ ಒತ್ತಿ" ಅಂದಳು. ಅವಳ ಮುಖದಲ್ಲೂ ನನಗೆ ಬೇಸರ ಕಂಡಿತು.

ಎರಡನೆಯದು ಪದಗಳದ್ದು. 'ಪ್ರಾಮಾಣಿಕ', 'ಜಂಬದ', 'ಹಸನ್ಮುಖಿ', 'ಒರಟು' ಎಂಬಂಥ ಗುಣಗಳು ಒಂದೊಂದಾಗಿ ಬರುತ್ತವೆ. ಯಾರಾದರೂ ನಿಮ್ಮ ಬಗ್ಗೆ ಹಾಗೆ ಮಾತಾಡಿಕೊಳ್ಳುವುದು ನಿಮ್ಮ ಕಿವಿಗೆ ಬಿದ್ದರೆ ಇಷ್ಟವಾಗುತ್ತದಾ ಇಲ್ಲವಾ ಎಂದು ಹೇಳಬೇಕು. ಸುಲಭ ಅಂದುಕೊಂಡು ಮುಗಿಸುತ್ತೀರಿ. ಆಮೇಲೆ, ಹೇಳದೆ ಕೇಳದೆ, ನೆನಪಿರುವ ಪದಗಳನ್ನೆಲ್ಲ ಬರೆಯಿರಿ ಅನ್ನುತ್ತಾರೆ. ನನ್ನ ಹಾಳೆಯಲ್ಲಿ ಒಳ್ಳೆಯ ಪದ ಹುಡುಕಿದರೂ ಸಿಗುವ ಹಾಗಿರಲಿಲ್ಲ. ಅವೂ ಪರದೆಯ ಮೇಲೆ ಬಂದಿದ್ದವು. ನನ್ನೊಳಗೆ ಉಳಿದಿರಲಿಲ್ಲ, ಅಷ್ಟೇ.

ಮನೋವೈದ್ಯರಲ್ಲಿ ಇದು ಹಳೆಯ ಮಾತು. ಖಿನ್ನತೆ ಇರುವವರ ಗಮನ, ನೆನಪು, ಅರ್ಥ ಮಾಡಿಕೊಳ್ಳುವ ರೀತಿ ಎಲ್ಲವೂ ಕೆಟ್ಟದ್ದರ ಕಡೆ ವಾಲಿರುತ್ತದೆ ಎಂದು ಅಮೆರಿಕದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲೇ ಹೇಳಿದ್ದರು. ಮೆದುಳಿನ ಸ್ಕ್ಯಾನ್ ಬಂದ ಮೇಲೆ ಅದು ಕಣ್ಣಿಗೂ ಕಂಡಿತು. ಹೆದರಿದ ಮುಖ ತೋರಿಸಿದರೆ ಖಿನ್ನತೆ ಇರುವವರ ಅಮಿಗ್ಡಲಾ ಬೇರೆಯವರಿಗಿಂತ ಜೋರಾಗಿ ಸ್ಪಂದಿಸುತ್ತದೆ. ಅಪಾಯ ಇದೆಯಾ ಎಂದು ಸದಾ ನೋಡುತ್ತಿರುವ ಭಾಗ ಅದು. ಮುಖವನ್ನು ಕ್ಷಣಮಾತ್ರ ತೋರಿಸಿ, ನೋಡಿದ್ದೇವೆ ಅಂತಲೂ ಅವರಿಗೆ ಗೊತ್ತಾಗದ ಹಾಗೆ ಮರೆಮಾಡಿದರೂ ಹೀಗೆಯೇ. ಅಂದರೆ ಯೋಚನೆ ಶುರುವಾಗುವ ಮುಂಚೆಯೇ ತೀರ್ಪು ಆಗಿಹೋಗಿರುತ್ತದೆ. "ಪಾಸಿಟಿವ್ ಆಗಿ ಯೋಚಿಸು" ಎಂದು ಬುದ್ಧಿ ಹೇಳುವವರಿಗೆ ಇದನ್ನು ತೋರಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಡ್ರಿಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂ, 40 ನಿಮಿಷದಲ್ಲಿ. ಯೇಲ್‌ನವರ ಪ್ರಯೋಗದಿಂದ ಇಂದಿಗೂ ಹೆಚ್ಚಿನ ಕಡೆ ಇದೇ ಅಳತೆ. ಆಪರೇಷನ್ನಿಗೆ ಕೊಡುವುದಕ್ಕಿಂತ ತುಂಬಾ ಕಡಿಮೆ. ಎಚ್ಚರ ಇರುತ್ತದೆ. ಸ್ವಲ್ಪ ಹೊತ್ತಿಗೆ ತುಟಿ ಜೋಮು ಹಿಡಿದ ಹಾಗಾಯಿತು. ಕೈಗಳು ನನ್ನವಲ್ಲ ಅನ್ನಿಸಿತು. ಗಡಿಯಾರದ ಸದ್ದು ದೂರ ಹೋಯಿತು. ನರ್ಸ್ ಹೆಸರು ಹಿಡಿದು ಕರೆದರೆ ಉತ್ತರ ಕೊಡಲು ಬಹಳ ಹೊತ್ತು ಬೇಕು ಅನ್ನಿಸುತ್ತಿತ್ತು, ಆದರೆ ಬೇಗನೇ ಕೊಟ್ಟೆ ಅಂತ ಆಮೇಲೆ ಅವರು ಹೇಳಿದರು. ಬಿಪಿ ಏರಿತು, ಇಳಿಯಿತು. ವಾಕರಿಕೆ ಬಂತು. ದರ್ಶನವೇನೂ ಆಗಲಿಲ್ಲ. ನಿಲ್ಲಿಸಿದ ಮೇಲೆ ಬೇಗನೇ ನೆಲ ಸಿಕ್ಕಿತು. ಕೆಟಮಿನ್ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಎರಡು ಮೂರು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ಮರುದಿನಕ್ಕೆ ಹೆಚ್ಚುಕಡಿಮೆ ಖಾಲಿ.

ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಇದೇ. ಔಷಧಿ ಹೋದ ಮೇಲೂ ಅದರ ಕೆಲಸ ಉಳಿಯುತ್ತದೆ. ಹೇಗೆ? ಡಾಕ್ಟರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಹಳೆಯ ಮಾತ್ರೆಗಳು ಹೆಚ್ಚಾಗಿ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ಕಡೆ ನೋಡುತ್ತವೆ. ಕೆಟಮಿನ್ ಗ್ಲುಟಮೇಟ್ ಕಡೆ. ಗ್ಲುಟಮೇಟ್ ಅಂದರೆ ಮೆದುಳಿನ ಕೋಶಗಳು ಒಂದನ್ನೊಂದು ಎಬ್ಬಿಸಲು ಬಳಸುವ ಮುಖ್ಯ ರಾಸಾಯನಿಕ. ಅದನ್ನು ಹಿಡಿಯುವ ಎನ್‌ಎಂಡಿಎ ಎಂಬ ಗ್ರಾಹಕಕ್ಕೆ (ಕೋಶದ ಮೇಲಿನ ರಿಸೆಪ್ಟರಿಗೆ) ಕೆಟಮಿನ್ ಅಡ್ಡ ನಿಲ್ಲುತ್ತದೆ. ಹೆಚ್ಚು ಜನ ಒಪ್ಪುವ ವಿವರಣೆ ಎಂದರೆ, ಬ್ರೇಕ್ ಹಾಕುವ ಕೋಶಗಳ ಮೇಲೆ ಇದು ಮೊದಲು ಕೆಲಸ ಮಾಡುತ್ತದೆ, ಬ್ರೇಕ್ ಸಡಿಲವಾದಾಗ ಮೆದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಒಮ್ಮೆಲೇ ಹೆಚ್ಚುತ್ತದೆ. ಅದಾದ ಮೇಲೆ ಕೋಶಗಳ ಬೆಳವಣಿಗೆಗೆ ನೆರವಾಗುವ ಬಿಡಿಎನ್‌ಎಫ್ ಎಂಬ ಪ್ರೋಟೀನು, ಅದಾದ ಮೇಲೆ ಕೋಶಗಳ ನಡುವೆ ಹೊಸ ಸಂಪರ್ಕಗಳು. ದೀರ್ಘಕಾಲದ ಒತ್ತಡದಲ್ಲಿ ಒಣಗಿಹೋದ ಸಂಪರ್ಕಗಳು ಒಂದು ದಿನದೊಳಗೆ ಮತ್ತೆ ಚಿಗುರುವುದನ್ನು ಇಲಿಗಳಲ್ಲಿ ನೋಡಿದ್ದಾರೆ. 2018ರಲ್ಲಿ ಚೀನಾದ ಹು ಹೈಲಾನ್ ಅವರ ತಂಡ ಇನ್ನೊಂದು ದಾರಿ ತೋರಿಸಿತು. ನಿರಾಸೆ ಆದಾಗ ಚುರುಕಾಗುವ ಹ್ಯಾಬೆನುಲಾ ಎಂಬ ಪುಟ್ಟ ಭಾಗವಿದೆ. ಖಿನ್ನತೆಯಂಥ ಸ್ಥಿತಿಯ ಇಲಿಗಳಲ್ಲಿ ಅದು ಬಿಟ್ಟೂ ಬಿಟ್ಟೂ ಸಿಡಿಯುತ್ತಿರುತ್ತದೆ. ಕೆಟಮಿನ್ ಆ ಸಿಡಿತವನ್ನು ನಿಲ್ಲಿಸುತ್ತದೆ.

ಇದೆಲ್ಲ ಕೇಳಲು ಚೆಂದ. ನನಗೆ ಆಗ ಏನಾಯಿತು?

ಮೊದಲ ಡ್ರಿಪ್ಪಿನ ಮರುದಿನ ಖುಷಿಯೇನೂ ಬರಲಿಲ್ಲ. ಅಕ್ಕ ಬೆಳಿಗ್ಗೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. "ಹೇಗಿದೆ?" ಅಂದಳು. "ಹಾಗೇ ಇದೆ," ಅಂದೆ. ನಿಜವಾಗಲೂ ಹಾಗೇ ಅನ್ನಿಸಿತ್ತು. ಮಧ್ಯಾಹ್ನ ಫೋನ್ ನೋಡಿದೆ. ರಜೆ ಮುಂದುವರಿಸುತ್ತೇನೆ ಎಂದು ನಾನು ಕಳಿಸಿದ್ದಕ್ಕೆ ಆಫೀಸಿನಿಂದ ಮೇಲಿನವರು ಉತ್ತರ ಬರೆದಿದ್ದರು. "ಸರಿ." ಅಷ್ಟೇ. ಓದಿದೆ, ಫೋನ್ ಕೆಳಗಿಟ್ಟೆ. ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆಯಿತು: ನಾನು ಆ 'ಸರಿ'ಯನ್ನು ಮತ್ತೆ ಮತ್ತೆ ತೆಗೆದು ನೋಡಿಲ್ಲ. ಸಿಟ್ಟಾಗಿದ್ದಾರಾ, ನನ್ನ ಬದಲು ಇನ್ನೊಬ್ಬರನ್ನು ಹುಡುಕುತ್ತಿದ್ದಾರಾ, ಬೇಕೆಂತಲೇ ಒಂದೇ ಪದ ಬರೆದರಾ ಎಂದು ಕೂತಿಲ್ಲ. ಸರಿ ಅಂದರೆ ಸರಿ.

ಬೇರೆಯವರಿಗೆ ಇದು ಸಣ್ಣದು. ಹಿಂದಿನ ದಿನದವರೆಗೆ ಇಂಥ ಒಂದು ಪದ ನನ್ನ ಇಡೀ ರಾತ್ರಿಯನ್ನು ತಿನ್ನುತ್ತಿತ್ತು.

ಅದೇ ದಿನ ಮತ್ತೆ ಮುಖಗಳ ಪರೀಕ್ಷೆ. ಈ ಸಲ ಮುಖಗಳನ್ನು ಬದಲಾಯಿಸಿದ್ದಾರೆ ಅಂದುಕೊಂಡೆ. ಜಾಸ್ತಿ ಮುಖಗಳು ಸುಮ್ನೆ ಮುಖಗಳಾಗಿದ್ದವು. ಕೋಪವೂ ಇಲ್ಲ, ನಗುವೂ ಇಲ್ಲ. "ಬೇರೆ ಸೆಟ್ ಹಾಕಿದ್ರಾ?" ಅಂತ ಕೇಳಿದ್ದಕ್ಕೆ ಆ ಹುಡುಗಿ ನಕ್ಕು, ಅದನ್ನು ಈಗ ಹೇಳುವ ಹಾಗಿಲ್ಲ ಅಂದಳು. ಅಧ್ಯಯನ ಮುಗಿದ ಮೇಲೆ ಡಾಕ್ಟರು ಹೇಳಿದರು, ಅದೇ ಬಗೆಯ ಮುಖಗಳು, ಅಷ್ಟೇ ಕೋಪ, ಅಷ್ಟೇ ನಗು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಒಬ್ಬರ ಅಂಕಿಯಿಂದ ಏನನ್ನೂ ತೀರ್ಮಾನಿಸಬಾರದು, ಎರಡನೇ ಸಲ ಮಾಡುವಾಗ ಅಭ್ಯಾಸವೂ ಆಗಿರುತ್ತದೆ. ಒಪ್ಪುತ್ತೇನೆ. ಆದರೆ ಆ 'ಸರಿ'ಯನ್ನು ನಾನು ಅಭ್ಯಾಸ ಮಾಡಿರಲಿಲ್ಲ ಅಲ್ವಾ?

ನನಗೆ ಜಾಸ್ತಿ ಬೆರಗು ಹುಟ್ಟಿಸಿದ್ದು ಹಳೆಯ ನೆನಪು. ವರ್ಷಗಳ ಹಿಂದೆ ಒಂದು ಸಭೆಯಲ್ಲಿ ನಾನು ಮಾತಾಡುತ್ತಾ ತಡವರಿಸಿದೆ, ಹಿರಿಯರೊಬ್ಬರು ನಕ್ಕರು. ಇಷ್ಟೇ ಘಟನೆ. ಖಿನ್ನತೆ ಹೆಚ್ಚಾದಾಗಲೆಲ್ಲ ಅದು ಎದ್ದು ಬರುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು, ಎದೆ ಹಿಡಿದ ಹಾಗಾಗುತ್ತಿತ್ತು. ಕೆಲವು ಡ್ರಿಪ್ ಆದ ಮೇಲೆ ಒಂದು ಸಂಜೆ ಬಟ್ಟೆ ಮಡಿಸುತ್ತಿರುವಾಗ ಅದೇ ನೆನಪು ಬಂತು. ಸಭೆ, ಮೈಕು, ನಗು, ಎಲ್ಲ ಸ್ಪಷ್ಟ. ಆದರೆ ಕಿವಿ ಬಿಸಿಯಾಗಲಿಲ್ಲ. ಹಲ್ಲು ಕಿತ್ತ ಹಾವಿನ ಹಾಗೆ ಬಂದು ಹೋಯಿತು. ನಾನು ಬಟ್ಟೆ ಮಡಿಸುವುದನ್ನು ನಿಲ್ಲಿಸಲೂ ಇಲ್ಲ.

ಇದನ್ನು ಡಾಕ್ಟರಿಗೆ ಹೇಳಿದಾಗ ಅವರು ನೆಟ್ಟಗೆ ಕೂತರು. "ಇದು ಇಲಿಗಳಲ್ಲೂ ಕಂಡಿದೆ, ಗೊತ್ತಾ?" ಅಂದರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಎಮ್ಮಾ ರಾಬಿನ್ಸನ್ ಅವರ ತಂಡದ ಕೆಲಸ. ಇಲಿಗೆ ಎರಡು ಬಟ್ಟಲು ಕಲಿಸುತ್ತಾರೆ. ಎರಡರಲ್ಲಿ ತುಂಬಿದ ವಸ್ತು ಬೇರೆ ಬೇರೆ, ಕೆದಕಿದರೆ ಸಿಗುವ ತಿಂಡಿ ಮಾತ್ರ ಒಂದೇ. ಒಂದನ್ನು ಇಲಿ ಸಾಮಾನ್ಯವಾಗಿದ್ದಾಗ ಕಲಿಯುತ್ತದೆ, ಇನ್ನೊಂದನ್ನು ಔಷಧಿ ಕೊಟ್ಟು ಕಸಿವಿಸಿ ಹುಟ್ಟಿಸಿದ ದಿನ ಕಲಿಯುತ್ತದೆ. ಆಮೇಲೆ ಎರಡನ್ನೂ ಮುಂದಿಟ್ಟರೆ, ಕೆಟ್ಟ ದಿನದ ಬಟ್ಟಲನ್ನು ಅದು ದೂರ ಇಡುತ್ತದೆ. ತಿಂಡಿ ಅಷ್ಟೇ ಸಿಕ್ಕಿದ್ದರೂ. 2015ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ವೆನ್ಲಾಫಾಕ್ಸಿನ್ ಎಂಬ ಹಳೆಯ ಬಗೆಯ ಔಷಧಿ ಈ ಮುನಿಸನ್ನು ಅಳಿಸಲಿಲ್ಲ. ಅದು ಹೊಸದಾಗಿ ಕಲಿಯುವುದಕ್ಕೆ ಒಳ್ಳೆಯ ಬಣ್ಣ ಕೊಟ್ಟಿತು. ಕೆಟಮಿನ್ ಮಾಡಿದ್ದು ತದ್ವಿರುದ್ಧ. ಹೊಸ ಕಲಿಕೆಗೆ ಬಣ್ಣ ಕೊಡಲಿಲ್ಲ, ಹಳೆಯ ಕಲಿಕೆಗೆ ಅಂಟಿದ್ದ ಕಹಿಯನ್ನು ತೆಗೆಯಿತು. ಮೆದುಳಿನ ಮುಂಭಾಗಕ್ಕೆ ಮಾತ್ರ ಹಾಕಿದಾಗಲೂ ಹಾಗೇ ಆಯಿತು.

ಹಳೆಯ ಮಾತ್ರೆಗಳನ್ನು ನಾನು ಆವರೆಗೆ ನಿಧಾನದವು ಅಂದುಕೊಂಡಿದ್ದೆ. ಪೂರ್ತಿ ಹಾಗಿಲ್ಲ. ಆಕ್ಸ್‌ಫರ್ಡ್‌ನ ಸಂಶೋಧಕಿ ಕ್ಯಾಥರೀನ್ ಹಾರ್ಮರ್ ಇದನ್ನು ವರ್ಷಗಟ್ಟಲೆ ಅಳೆದಿದ್ದಾರೆ. 2009ರಲ್ಲಿ ಅವರ ತಂಡ ಖಿನ್ನತೆಯ ರೋಗಿಗಳಿಗೆ ರೆಬಾಕ್ಸೆಟಿನ್ ಎಂಬ ಮಾತ್ರೆಯನ್ನು ಒಂದೇ ಒಂದು ಸಲ ಕೊಟ್ಟು ಮುಖಗಳನ್ನು ತೋರಿಸಿತು. ಕೆಲವೇ ಗಂಟೆಯಲ್ಲಿ ಅವರಿಗೆ ಖುಷಿಯ ಮುಖಗಳು ಹೆಚ್ಚು ಸರಿಯಾಗಿ ಗುರುತಾದವು. ಮನಸ್ಸು ಹೇಗಿದೆ ಎಂದು ಕೇಳಿದರೆ ಮಾತ್ರ ಹಾಗೇ ಇದೆ. ಹಾರ್ಮರ್ ಹೇಳುವುದು ಇಷ್ಟು: ಮಾತ್ರೆ ಮೊದಲು ಬದಲಿಸುವುದು ನೋಡುವ ರೀತಿಯನ್ನು. ಹಾಗೆ ನೋಡುತ್ತಾ ನೋಡುತ್ತಾ, ಜನರ ಜೊತೆ ಬೆರೆಯುತ್ತಾ, ಹೊಸ ಅನುಭವ ಕೂಡುತ್ತಾ ಮನಸ್ಸು ಏಳಬೇಕು. ಅದಕ್ಕೆ ವಾರಗಳು ಬೇಕು. ನನ್ನಂತೆ ಕೋಣೆಯ ಬಾಗಿಲು ಹಾಕಿಕೊಂಡು ಮಾತ್ರೆ ನುಂಗಿದವರಿಗೆ ಯಾವ ಹೊಸ ಅನುಭವ ಕೂಡಬೇಕು? ಹಳೆಯದರ ಕಹಿಯೇ ಇಳಿದರೆ ಅಷ್ಟು ಕಾಯಬೇಕಿಲ್ಲ. ಎರಡು ಬಗೆಯ ಔಷಧಿಗಳ ವೇಗದ ವ್ಯತ್ಯಾಸಕ್ಕೆ ಇದು ಒಂದು ಕಾರಣ ಇರಬಹುದು ಎಂದು ಬ್ರಿಸ್ಟಲ್‌ನವರ ವಾದ. ನನ್ನ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ಆದ್ದರಿಂದಲೇ ಸ್ವಲ್ಪ ಹುಷಾರಾಗಿರುತ್ತೇನೆ.

ಮೂರನೆಯ ಪರೀಕ್ಷೆಯೊಂದಿತ್ತು, ಹೇಳಲು ಮರೆತೆ. ಪ್ಯಾರಿಸ್ಸಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದೇ ಬಗೆಯದು ಇದೆ. ನಿಮಗೆ ಮುಂದೆ ಇಂಥ ಕಾಯಿಲೆ ಬರುವ, ಕಳ್ಳತನ ಆಗುವ ಸಂಭವ ಎಷ್ಟು ಎಂದು ಕೇಳುತ್ತಾರೆ. ನೀವೊಂದು ಅಂಕಿ ಹೇಳುತ್ತೀರಿ. ಜನರಲ್ಲಿ ನಿಜವಾದ ಪ್ರಮಾಣ ಇಷ್ಟು ಎಂದು ಪರದೆ ತೋರಿಸುತ್ತದೆ. ಆಮೇಲೆ ಮತ್ತೆ ನಿಮ್ಮ ಅಂಕಿ ಕೇಳುತ್ತಾರೆ. ಖಿನ್ನತೆ ಇಲ್ಲದವರು ಒಳ್ಳೆಯ ಸುದ್ದಿ ಬಂದಾಗ ಅಂಕಿಯನ್ನು ಚೆನ್ನಾಗಿ ಬದಲಿಸುತ್ತಾರೆ, ಕೆಟ್ಟದ್ದು ಬಂದಾಗ ಅಷ್ಟಾಗಿ ಬದಲಿಸುವುದಿಲ್ಲ. ಮನುಷ್ಯರ ಸಹಜ ಆಶಾವಾದ ಇದು. ಪ್ಯಾರಿಸ್ಸಿನ ರೋಗಿಗಳಲ್ಲಿ ಮೊದಲ ಡ್ರಿಪ್ ಆದ ನಾಲ್ಕು ಗಂಟೆಗೇ ಒಳ್ಳೆಯ ಸುದ್ದಿಯ ಕಡೆ ಈ ಒಲವು ಕಂಡಿತು. ನಾನು ಮಾತ್ರ ಮೊದಲ ಸಲ ಪರದೆಯ ಜೊತೆ ಜಗಳಕ್ಕೆ ನಿಂತಿದ್ದೆ. ಜನರಲ್ಲಿ ಕಡಿಮೆ ಇರಬಹುದು, ನನಗೆ ಬಂದೇ ಬರುತ್ತೆ ಅಂತ. ಎರಡನೇ ಸಲ ಅಂಕಿ ಇಳಿಸುವುದು ಕಷ್ಟವಾಗಲಿಲ್ಲ.

ಇಳಿತವೂ ಬಂತು. ಡಾಕ್ಟರು ಹೇಳಿದ್ದ ಹಾಗೇ. ಮೊದಲ ಡ್ರಿಪ್ ಆಗಿ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದಾಗ ಅಕ್ಕನ ಮುಖದಲ್ಲಿ ಸಿಟ್ಟು ಕಂಡಿತು. ಅವಳಿಗೆ ಏನೂ ಆಗಿರಲಿಲ್ಲ, ತಲೆನೋವಿತ್ತು. ಮುಖಗಳು ಮೊದಲು ತಿರುಗಿದವು, ಆಮೇಲೆ ಒಂದೆರಡು ದಿನದಲ್ಲೇ ಮನಸ್ಸೂ ಇಳಿಯಿತು. ಹೋಗುವಾಗಲೂ ಬರುವಾಗಿನದೇ ಕ್ರಮ. ಅದಕ್ಕೆ ವಾರಕ್ಕೆ ಎರಡರಂತೆ ಕೆಲವು ವಾರ ಕೊಡುವುದು ವಾಡಿಕೆ. ಆಮೇಲೆ ಅಂತರ ಹೆಚ್ಚಿಸುತ್ತಾರೆ.

ಅನುಮಾನವೂ ನನ್ನ ಜೊತೆ ಇತ್ತು, ಈಗಲೂ ಇದೆ. ಅಷ್ಟು ಗಟ್ಟಿಯಾಗಿ ಏನೋ ಆಗುತ್ತಿದೆ ಎಂದು ಮೈಗೆ ಗೊತ್ತಾಗುವ ಔಷಧಿಯಲ್ಲಿ, ಗುಣವಾಗುತ್ತೆ ಎಂಬ ನಿರೀಕ್ಷೆಯದ್ದು ಎಷ್ಟು ಪಾಲು? 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಜಾಣ ಉಪಾಯ ಮಾಡಿದರು. ಬೇರೆ ಯಾವುದೋ ಆಪರೇಷನ್ನಿಗೆ ಬಂದ 40 ಖಿನ್ನತೆಯ ರೋಗಿಗಳಿಗೆ, ಪೂರ್ತಿ ಅರಿವಳಿಕೆಯಲ್ಲಿ ಇರುವಾಗ ಅರ್ಧ ಜನಕ್ಕೆ ಕೆಟಮಿನ್, ಅರ್ಧ ಜನಕ್ಕೆ ಬರೀ ಸಲೈನ್ ಕೊಟ್ಟರು. ಯಾರಿಗೆ ಏನು ಸಿಕ್ಕಿತು ಅಂತ ಯಾರಿಗೂ ಗೊತ್ತಾಗುವ ಹಾಗಿಲ್ಲ. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿದವು. ಇದನ್ನು ಓದಿದಾಗ ನನಗೆ ಬೇಜಾರಾಯಿತು ಎನ್ನಲಾರೆ. ಅರಿವಳಿಕೆಯ ಔಷಧಿಗಳೇ ಕೆಟಮಿನ್ನಿನ ಕೆಲಸಕ್ಕೆ ಅಡ್ಡ ಬಂದಿರಬಹುದು ಎಂದು ಹೇಳುವವರೂ ಇದ್ದಾರೆ. ಇನ್ನೊಂದು ಸಂಗತಿ: ಆರೋಗ್ಯವಂತರಿಗೆ ಕೆಟಮಿನ್ ಕೊಟ್ಟು ಭಾವನೆಯ ಮುಖಗಳನ್ನು ತೋರಿಸಿ ಸ್ಕ್ಯಾನ್ ಮಾಡಿದಾಗ, ಅವರ ಮೆದುಳಿನ ಬದಲಾವಣೆ ರೋಗಿಗಳದ್ದಕ್ಕೆ ಎದುರು ದಿಕ್ಕಿನಲ್ಲಿತ್ತು. ಜರಾಟೆ ಅವರ ಸಂಸ್ಥೆಯದೇ ಕೆಲಸ. ವಾಲಿದ ಮೆದುಳನ್ನು ಸಮಕ್ಕೆ ತರುವ ಔಷಧಿ, ಸಮ ಇದ್ದದ್ದನ್ನು ಕದಡುತ್ತದೆ. ಪಾರ್ಟಿಯಲ್ಲಿ ತೆಗೆದುಕೊಂಡರೂ ಮನಸ್ಸಿಗೆ ಒಳ್ಳೆಯದೇ ಅಲ್ವಾ ಎಂದು ನನ್ನನ್ನು ಕೇಳಿದವರಿದ್ದಾರೆ. ಅವರಿಗೆ ಇದನ್ನೂ ಹೇಳುತ್ತೇನೆ, ಹಾಗೆ ವರ್ಷಗಟ್ಟಲೆ ಬಳಸಿದವರ ಮೂತ್ರಕೋಶ ಹಾಳಾಗುವುದನ್ನೂ ಹೇಳುತ್ತೇನೆ.

ಡ್ರಿಪ್ಪಿನ ದಿನಗಳ ನಡುವೆ ಏನು ಮಾಡುತ್ತೇವೆ ಎಂಬುದಕ್ಕೆ ಬೆಲೆ ಇದೆ ಎಂದು ನನ್ನ ಥೆರಪಿಸ್ಟ್ ಮೊದಲೇ ಹೇಳಿದ್ದರು. ನಾವಿಬ್ಬರೂ ಅದನ್ನು ಲೆಕ್ಕ ಹಾಕಿಯೇ ಮಾಡಿದೆವು. ಡ್ರಿಪ್ ಆದ ಎರಡನೇ ದಿನ, ಮೂರನೇ ದಿನ, ಮುಖಗಳು ಸುಮ್ನೆ ಮುಖಗಳಾಗಿರುವ ಹೊತ್ತಿನಲ್ಲಿ, ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದ ಜನರನ್ನು ಹುಡುಕಿಕೊಂಡು ಹೋದೆ. ಮೊದಲು ಫೋನ್, ಆಮೇಲೆ ಭೇಟಿ. ಒಬ್ಬ ಗೆಳೆಯ "ಎಲ್ಲಿ ಸತ್ತಿದ್ದೆಯೋ ಇಷ್ಟು ದಿನ!" ಎಂದು ಬೈದ. ಬೈಗುಳದಲ್ಲಿ ಇದ್ದ ಪ್ರೀತಿ ನನಗೆ ಆಗಲೇ ಕೇಳಿಸಿತು. ಹಿಂದಾಗಿದ್ದರೆ ಬೈಗುಳ ಮಾತ್ರ ಕೇಳಿಸುತ್ತಿತ್ತು, ಅಲ್ಲಿಗೆ ಆ ಗೆಳೆತನವೂ ಮುಗಿಯುತ್ತಿತ್ತು.

ಈಗ ಡ್ರಿಪ್ಪುಗಳ ನಡುವೆ ಅಂತರ ದೊಡ್ಡದಾಗಿದೆ. ಮಾತ್ರೆ ಬಿಟ್ಟಿಲ್ಲ. ಹೋದಾಗಲೆಲ್ಲ ಬಿಪಿ ನೋಡುತ್ತಾರೆ, ಮೂತ್ರಕ್ಕೆ ಹೋಗುವಾಗ ಉರಿ ಇದೆಯಾ ಎಂದು ಕೇಳುತ್ತಾರೆ. ಮನಸ್ಸು ಹೇಗಿದೆ ಎಂಬ ಪ್ರಶ್ನಾವಳಿ ತುಂಬಿಸುತ್ತಾರೆ. ನಾನು ಅದರ ಜೊತೆ ಅಕ್ಕನ ಮಾತನ್ನೂ ಸೇರಿಸುತ್ತೇನೆ. "ನನ್ನ ಮೇಲೆ ಸಿಟ್ಟಾ?" ಎಂದು ನಾನು ಅವಳನ್ನು ಕೇಳುವುದು ಶುರುವಾದರೆ ಮುಂದಿನ ತಾರೀಖು ಹತ್ತಿರ ತರಬೇಕು ಎಂದು ಅವಳ ಲೆಕ್ಕ. ಪ್ರಶ್ನಾವಳಿಯಲ್ಲಿ ಖಿನ್ನತೆಯ ಅಂಕಿ ಏರುವುದಕ್ಕೆ ಮುಂಚೆ ಅವಳ ಲೆಕ್ಕ ಸರಿಯಾಗುತ್ತದೆ. ಡಾಕ್ಟರು ಈಗ ನನ್ನ ಫೈಲಿನಲ್ಲಿ ಅದಕ್ಕೂ ಒಂದು ಸಾಲು ಬಿಟ್ಟಿದ್ದಾರೆ.